ಸ್ಕೋರ್ ಬರೆಯದ ಪಂದ್ಯ

ಅತ್ತೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ, ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಆ ಹಾಳೆ ಇತ್ತು. ಕವರು ಬಿಡಿಸಿದ ಕೂಡಲೇ ನೀಲಗಿರಿ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷವಾದರೂ ಅದು ಹೋಗಿರಲಿಲ್ಲ. ಅತ್ತೆ ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ಅಮ್ಮ ನೆಲದ ಮೇಲೆ ಕುಳಿತು ಯಾವ ಸೀರೆ ಯಾರಿಗೆ ಎಂದು ವಿಂಗಡಿಸುತ್ತಿದ್ದರು.

"ಅದೇನೇ ಅದು?" ಎಂದು ಕೇಳಿದರು.

"ಹಳೇ ಫುಟ್‌ಬಾಲ್ ಮ್ಯಾಚಿಂದು" ಎಂದೆ.

ಅಮ್ಮ ಮುಂದಿನ ಸೀರೆ ಎತ್ತಿಕೊಂಡರು. ನಾನು ಹಾಳೆಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅತ್ತೆ ಇರುವವರೆಗೆ ಇದನ್ನು ಬರೆಯುವಂತಿರಲಿಲ್ಲ.

ನಾನು ಎಂ.ಎ. ಮುಗಿಸಿ ಉಪನ್ಯಾಸಕರ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ವರ್ಷ ಅದು. ನಮ್ಮ ಊರು ಬೂದಿಕೋಟೆಯ ಹತ್ತಿರ. ಮನೆಯಲ್ಲಿ ಹಸುಗಳು, ಒಂದಿಷ್ಟು ಹೊಲ. ನಾನು ಕೂತು ಕಾಯಲು ಅಲ್ಲಿ ಜಾಗವಿದ್ದರೂ ನೆಪವಿರಲಿಲ್ಲ. ಹಾಗಾಗಿ ಬಂಗಾರಪೇಟೆಯಲ್ಲಿ ಒಂಟಿಯಾಗಿದ್ದ ಅತ್ತೆಯ ಮನೆಗೆ ಬಂದೆ. ನಾರಾಯಣಮ್ಮ ನನ್ನ ತಂದೆಯ ಅಕ್ಕ. ಮಾವ ಕೆಜಿಎಫ್‌ನ ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಗಣಿ ಮುಚ್ಚುವುದಕ್ಕೆ ಬಹಳ ಮೊದಲೇ, ನಾನು ಹುಟ್ಟುವುದಕ್ಕೂ ಮುಂಚೆ, ನೆಲದಡಿಯಲ್ಲಿ ಬಂಡೆ ಕುಸಿದು ಸತ್ತರು. ಮಕ್ಕಳಿರಲಿಲ್ಲ. ಅತ್ತೆ ಗಣಿ ಕಾರ್ಮಿಕರ ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ ಬಂದು, ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತ ವಯಸ್ಸು ಕಳೆದಳು. ಇಷ್ಟು ಮಾತ್ರ ನಮಗೆಲ್ಲ ಗೊತ್ತಿದ್ದದ್ದು.

ಅವಳಲ್ಲಿ ಒಂದು ವಿಚಿತ್ರವಿತ್ತು. ಯಾರನ್ನೂ 'ಹೋಗು' ಎನ್ನುತ್ತಿರಲಿಲ್ಲ. ನಾನು ಅಂಗಡಿಗೆ ಹೊರಟರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲವರೆಗೆ ಬಂದು "ಬಿರ್ನೆ ಬಾ" ಎನ್ನುತ್ತಿದ್ದಳು, ಬೇಗ ಬಾ ಎಂದು. ಹಾಲಿನವನಿಗೂ ಅದೇ, ಗ್ಯಾಸಿನವನಿಗೂ ಅದೇ. ಅಡುಗೆಮನೆಗೆ ನುಗ್ಗಿದ ಬೆಕ್ಕನ್ನು ಕೂಡ ಬಾಯಿಮಾತಿನಲ್ಲಿ ಓಡಿಸದೆ ಪೊರಕೆ ತೋರಿಸುತ್ತಿದ್ದಳು. ಅದು ಅವಳ ಅಭ್ಯಾಸ ಎಂದುಕೊಂಡಿದ್ದೆ.

ರೈಲು ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನನಗೆ ಸ್ಕ್ಯಾನಿಂಗ್ ಕೆಲಸ ಸಿಕ್ಕಿತು. ಡೇವಿಡ್ ಸರ್ ನನ್ನನ್ನು ಹುಡುಕಿಕೊಂಡು ಬಂದದ್ದು ಅಲ್ಲಿಗೇ. ಅವರು ನಿವೃತ್ತ ಮೇಷ್ಟ್ರು, ಕೆಜಿಎಫ್‌ನವರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಒಂದೊಂದು ಗಣಿಗೂ ಒಂದೊಂದು ಫುಟ್‌ಬಾಲ್ ತಂಡವಿತ್ತು. ನಂದಿದುರ್ಗ ಗಣಿಯವರು ಆಡಿದರೆ ಮೈಸೂರು ಮೈನ್ಸ್‌ನವರು ಊಟ ಬಿಟ್ಟು ನೋಡಲು ಬರುತ್ತಿದ್ದರಂತೆ. ಆ ಕಾಲದ ಅಭಿಮಾನಿಗಳದ್ದು ಒಂದು ವಾಟ್ಸಾಪ್ ಗ್ರೂಪು, ಅದರ ಹೆಸರು 'ಹಳೇ ಮೈದಾನ'. ಅದರಲ್ಲಿ ತಂಡದ ಹಳೆಯ ಫೋಟೋಗಳು ಬರುತ್ತಿದ್ದವು. ಅರ್ಧ ಗೆದ್ದಲು ತಿಂದದ್ದು, ಅರ್ಧ ಫೋನಿನ ನೆರಳು ಬಿದ್ದದ್ದು. ಅವನ್ನೆಲ್ಲ ಸರಿಯಾಗಿ ಸ್ಕ್ಯಾನ್ ಮಾಡಿ, ಹೆಸರು ಹಚ್ಚಿ, ಒಂದು ಪಟ್ಟಿ ಮಾಡಿಕೊಡಬೇಕಿತ್ತು.

ಹೆಸರು ಹಚ್ಚುವುದು ಸುಲಭವಿರಲಿಲ್ಲ. ಒಂದು ಫೋಟೋ ಹಾಕಿದರೆ ಸಂಜೆವರೆಗೂ ಜಗಳ.

"ಎಡಗಡೆ ನಿಂತಿರೋನು ಗೋಲ್‌ಕೀಪರ್ ಅಲ್ಲ ಸಾರ್, ಗೋಲಿ ತಮ್ಮ. ಗೋಲಿಗೆ ಮೀಸೆ ಇರ್ಲಿಲ್ಲ."

"ಮದುವೆಗೆ ಮುಂಚೆ ಇತ್ತು ಪಾ. ಅವರ ಮಾವ ತೆಗೆಸಿದ್ದು."

"ನೀನು ಬಾಲ್ ನೋಡ್ತಿದ್ಯಾ, ಮೀಸೆ ನೋಡ್ತಿದ್ಯಾ?"

ಫೋಟೋಗಳಿಗಿಂತ ಅವರು ಹೆಚ್ಚು ಆಸೆಪಡುತ್ತಿದ್ದದ್ದು ಮ್ಯಾಚ್ ಪ್ರೋಗ್ರಾಂಗಳಿಗೆ. ಪಂದ್ಯದ ದಿನ ಮೈದಾನದ ಗೇಟಿನಲ್ಲಿ ಹಂಚುತ್ತಿದ್ದ ಮಡಚಿದ ಹಾಳೆ ಅದು. ಒಳಗೆ ಎರಡೂ ತಂಡದ ಆಟಗಾರರ ಹೆಸರು, ಸೈಕಲ್ ಅಂಗಡಿಯದೊಂದು ಜಾಹೀರಾತು, ಕೆಳಗೆ ಸ್ಕೋರ್ ಬರೆಯಲು ಎರಡು ಖಾಲಿ ಚೌಕ. ಪಂದ್ಯ ಮುಗಿದ ಮೇಲೆ ಮೈದಾನ ಬಿಡುವ ಮುಂಚೆ ಸ್ಕೋರ್ ಬರೆದುಕೊಳ್ಳುವುದು ಪದ್ಧತಿ. ಚೌಕ ಖಾಲಿ ಇದ್ದರೆ ಆ ಹಾಳೆಗೆ ಬೆಲೆ ಇಲ್ಲ. ನೀನು ಪಂದ್ಯ ಪೂರ್ತಿ ನೋಡಿಲ್ಲ ಎಂದರ್ಥ.

ಅಂಥ ಹಾಳೆಗಳು ತುಂಬಿದ ಟ್ರಂಕು ಸೆಲ್ವಂ ಅವರ ಹತ್ತಿರ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ನಂದಿದುರ್ಗ ತಂಡದ ಲೆಫ್ಟ್ ವಿಂಗರ್ ಆಗಿದ್ದವರು. ಡೇವಿಡ್ ಸರ್ ಎರಡು ವರ್ಷ ಕೇಳಿದ್ದರು, ಕೊಟ್ಟಿರಲಿಲ್ಲ. "ನೀವು ಹೋಗಿ ನೋಡಿ ಮೇಡಂ. ಹೆಣ್ಣುಮಕ್ಕಳಿಗೆ ಬೈಯಲ್ಲ" ಎಂದು ನನ್ನನ್ನು ಕಳಿಸಿದರು.

ಆಷಾಢದ ಗಾಳಿ ಶುರುವಾಗಿತ್ತು. ಕೆಜಿಎಫ್‌ನಲ್ಲಿ ಆ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದೂ ಸುರಿದೂ ಗುಡ್ಡಗಳೇ ಆಗಿವೆ, ಸೈನೈಡ್ ದಿಬ್ಬ ಎನ್ನುತ್ತಾರೆ. ಅದರ ಬಿಳಿ ಧೂಳು ಗಾಳಿಯೊಂದಿಗೆ ಮನೆಮನೆಗೆ ಬರುತ್ತದೆ. ಲೈನಿನ ಹೆಂಗಸರು ಅನ್ನದ ಪಾತ್ರೆಯ ಮುಚ್ಚಳಕ್ಕೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದರು. ಸೆಲ್ವಂ ಅವರ ಒಂದು ಕೋಣೆಯ ಮನೆಯ ಕಿಟಕಿಗೆ ಗೋಣಿ ಬಡಿದಿತ್ತು. ಕತ್ತಲಲ್ಲಿ ಕೆಮ್ಮು ಮೊದಲು ಕೇಳಿಸಿತು, ಆಮೇಲೆ ಅವರು ಕಂಡರು. ಎಲುಬು ಮಾತ್ರ ಉಳಿದಿದ್ದ ಉದ್ದ ಮನುಷ್ಯ. ಗಣಿಯ ಧೂಳು ಶ್ವಾಸಕೋಶದಲ್ಲಿ ಕೂತಿದೆ ಎಂದು ಡಾಕ್ಟರು ಹೇಳಿದ್ದರಂತೆ. ಮೊಣಕಾಲಿಗೆ ಈಗಲೂ ನೀಲಗಿರಿ ಎಣ್ಣೆ ಹಚ್ಚುತ್ತಿದ್ದರು.

"ಟ್ರಂಕು ಗಿಂಕು ಇಲ್ಲ ಮ್ಮಾ. ಡೇವಿಡ್‌ಗೆ ಬೇರೆ ಕೆಲ್ಸ ಇಲ್ಲ" ಎಂದರು. ನಾನು ಎದ್ದು ಹೊರಡುವಾಗ ಸುಮ್ಮನೆ ಕೇಳಿದರು: "ಯಾವ ಊರು ನಿಂದು?"

"ಬೂದಿಕೋಟೆ ಹತ್ರ. ಈಗ ಬಂಗಾರಪೇಟೇಲಿ ನಮ್ಮತ್ತೆ ಮನೇಲಿದೀನಿ."

"ಯಾರು ಅತ್ತೆ?"

ಹೇಳಿದೆ. ಅವರು ತುಂಬ ಹೊತ್ತು ಕೆಮ್ಮಿದರು. ಆಮೇಲೆ ಮಂಚದ ಕೆಳಗಿನಿಂದ ಟ್ರಂಕು ಎಳೆದರು.

"ಒಂದೇ ಸಲ ಕೊಡಲ್ಲ. ಹತ್ತತ್ತು ತಗೊಂಡೋಗು, ವಾಪಸ್ ತಂದು ಇನ್ನ ಹತ್ತು. ಮುಂದಿನ ಪಕ್ಕ ಮಾತ್ರ ಹಾಕು. ಹಿಂದೆ ಬರೀ ಕಿರುಕಲು, ಸುಮ್ನೆ ಗೀಚಿದ್ದು, ಅದು ಬೇಡ."

ಅವರು ನನ್ನ ಅತ್ತೆಯ ಹೆಸರು ಕೇಳಿದ ಮೇಲೆ ಯಾಕೆ ಮನಸ್ಸು ಬದಲಿಸಿದರು ಎಂದು ಆಗ ನಾನು ಯೋಚಿಸಲಿಲ್ಲ. ಕೆಲಸ ಸಿಕ್ಕಿದ್ದಕ್ಕೆ ಖುಷಿಯಾಗಿತ್ತು.

ವಾರಕ್ಕೊಮ್ಮೆ ರೈಲಿನಲ್ಲಿ ಹೋಗುತ್ತಿದ್ದೆ. ಹಾಳೆಗಳ ಹಿಂಬದಿಯಲ್ಲಿ ಎಲ್ಲದರಲ್ಲೂ ತಮಿಳಿನಲ್ಲಿ ಒಂದು ಸಣ್ಣ ಪಟ್ಟಿ ಇತ್ತು. ನನಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ; ನಮ್ಮ ಕಡೆ ಬಹಳ ಜನ ಹಾಗೇ. ಐದೋ ಆರೋ ಸಾಲು, ಸಾಲಿಗೆ ಎರಡೆರಡು ಹೆಸರು ಇದ್ದಂತಿತ್ತು, ಕೊನೆಯಲ್ಲಿ ಟಿಕ್ ಗುರುತು. ನಾನು ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಕಾಗದದ ಒಂದು ಪಕ್ಕವನ್ನಷ್ಟೇ ದಾಖಲಿಸುವುದು ತಪ್ಪು ಎಂದು ನನಗೆ ಕಲಿಸಿದ್ದರು. ಗ್ರೂಪಿಗೆ ಮಾತ್ರ ಮುಂಬದಿ ಹಾಕುತ್ತಿದ್ದೆ.

ನಾಲ್ಕನೆಯ ಸಲ ಕೊಟ್ಟ ಹತ್ತರಲ್ಲಿ ಒಂದು ಹಾಳೆಯ ಚೌಕಗಳು ಖಾಲಿ ಇದ್ದವು. ನಂದಿದುರ್ಗಕ್ಕೂ ಮೈಸೂರು ಮೈನ್ಸ್‌ಗೂ ನಡೆದ ಒಂದು ಭಾನುವಾರದ ಪಂದ್ಯ. ನಾನದನ್ನು ಗ್ರೂಪಿಗೆ ಹಾಕಿದೆ.

"ಸ್ಕೋರ್ ಎಲ್ಲಿ?" ಎಂದು ಡೇವಿಡ್ ಸರ್ ಕೇಳಿದರು. "ಸೆಲ್ವಂ, ನೀನೇ ಆಡಿದ್ದೀಯಲ್ಲ, ಎಷ್ಟಕ್ಕೆ ಎಷ್ಟು?" ಸೆಲ್ವಂ ಓದಿದ್ದರು, ನೀಲಿ ಗುರುತು ಬಂದಿತ್ತು. ಉತ್ತರ ಬರಲಿಲ್ಲ.

ನನ್ನ ಪಟ್ಟಿಯಲ್ಲಿ ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ಪಂದ್ಯಗಳಿದ್ದವು. ಒಂದೇ ಒಂದು ಖಾನೆ ಖಾಲಿ. ಅದು ನನ್ನನ್ನು ಎರಡು ದಿನ ಬಾಧಿಸಿತು ಎಂದು ಹೇಳಿದರೆ ಇಂದು ನಾಚಿಕೆಯಾಗುತ್ತದೆ. ಸ್ಕೋರನ್ನು ಹಿಂದೆ ಎಲ್ಲಾದರೂ ಬರೆದಿರಬಹುದು ಅನ್ನಿಸಿ, ಹಿಂಬದಿಯ ಮಸುಕು ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗಾಢ ಮಾಡಿ, "ತಮಿಳು ಬಲ್ಲವರು ಯಾರಾದರೂ ಓದಿ ಹೇಳಿ" ಎಂದು ಬರೆದು ಗ್ರೂಪಿಗೆ ಹಾಕಿಬಿಟ್ಟೆ. ಮುಂದಿನ ಪಕ್ಕ ಮಾತ್ರ ಎಂದಿದ್ದು ನೆನಪಿರಲಿಲ್ಲ ಎನ್ನಲಾರೆ. ನೆನಪಿತ್ತು.

ಸಂಜೆ ಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತ ಕುಳಿತಿದ್ದಾಗ ಡೇವಿಡ್ ಸರ್ ಧ್ವನಿಸಂದೇಶ ಬಂತು. ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದೆ. ಅತ್ತೆ ಒಲೆಯ ಮುಂದಿದ್ದಳು.

"ಮೇಡಂ, ಇದು ಸ್ಕೋರ್ ಅಲ್ಲ. ಇದು ಬದಲಿ ಪಟ್ಟಿ. ಮ್ಯಾಚ್ ದಿವ್ಸ ಶಿಫ್ಟ್ ಇರೋ ಪ್ಲೇಯರ್‌ಗೆ ಬದಲು ಇನ್ನೊಬ್ಬ ಗಣಿಗೆ ಇಳೀತಿದ್ದ. ಆಮೇಲೆ ಪ್ಲೇಯರ್ ಅವನ ಶಿಫ್ಟ್ ಒಂದು ಮಾಡಿ ತೀರಿಸ್ಬೇಕು. ತೀರಿಸಿದ್ರೆ ಟಿಕ್. ಓದ್ತೀನಿ ಇರಿ. ಪೀಟರ್, ಬದಲಿ ಆರ್ಮುಗಂ, ಟಿಕ್. ದೊರೈ, ಬದಲಿ ಗೋವಿಂದ, ಟಿಕ್." ಹೀಗೆ ಐದು ಓದಿದರು. "ಸೆಲ್ವಂ, ಬದಲಿ... ಮುನಿವೆಂಕಟಪ್ಪ. ಇದಕ್ಕೆ ಟಿಕ್ ಇಲ್ಲ."

ಅಲ್ಲಿ ಅವರ ಧ್ವನಿ ನಿಂತಿತು. "ಅಯ್ಯೋ" ಎಂದದ್ದು ಕೇಳಿಸಿತು, ಸಂದೇಶ ಮುಗಿಯಿತು. ನಾನು ನೋಡುತ್ತಿದ್ದಂತೆಯೇ ಅದು ಅಳಿಸಿಹೋಯಿತು.

ಅತ್ತೆ ಒಲೆ ಆರಿಸಿದಳು. "ಇನ್ನೊಂದ್ ಸಲ ಆಕು" ಎಂದಳು.

"ಅಳಿಸ್ಬಿಟ್ರು ಅತ್ತೆ."

"ನಿಮ್ಮಾವನ ಹೆಸ್ರು ಅಲ್ವಾ ಅದು?"

ಮಾವನ ಹೆಸರನ್ನು ನಾನು ಕೇಳಿದ್ದದ್ದೇ ಕಡಿಮೆ. ಮನೆಯಲ್ಲಿ ಎಲ್ಲರೂ ಗಣಿ ಮಾವ ಎನ್ನುತ್ತಿದ್ದರು. ಆ ಕ್ಷಣದವರೆಗೆ ನನಗೆ ಹೊಳೆದಿರಲಿಲ್ಲ.

ಅವತ್ತು ಅತ್ತೆ ನನ್ನೆದುರು ಕುಳಿತು ಹೇಳಿದಳು. ಯಾರಿಗೂ ಹೇಳಿರಲಿಲ್ಲವಂತೆ. ಆ ಭಾನುವಾರ ಮಾವನಿಗೆ ರಜೆ. ತಮ್ಮನ ಮಗುವಿನ, ಅಂದರೆ ನನ್ನ ಅಣ್ಣನ, ನಾಮಕರಣಕ್ಕೆ ತವರಿಗೆ ಹೋಗೋಣವೆಂದರೆ ಮಾವ ಮಾತಾಡದೆ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಬೆಳಗಿನಿಂದ ಜಗಳ. "ನನ್ ಕಣ್ ಮುಂದೆ ಕೂತ್ಕೋಬ್ಯಾಡ, ಎಲ್ಲಾದ್ರೂ ಓಗು ಅಂದ್ಬುಟ್ಟೆ ಕಣೇ. ರೇಡಿಯಾ ಅಂಗೇ ಬುಟ್ಟು ಎದ್ದೋದ್ರು. ಸಂಜೆ ಬಂಡೆ ಕುಸ್ದಿದ್ ಸೈರನ್ ಆಯ್ತು. ರಜಾ ದಿವ್ಸ ಯಾಕ್ ಇಳುದ್ರು ಅಂತ ಕೇಳಿದ್ರೆ, ಎಚ್ಚಿನ್ ಶಿಫ್ಟು ಅಂದ್ರು ಎಲ್ರೂ. ನಾನ್ ಕಳಿಸ್ದೆ ಅಂತ್ಲೇ ಇದ್ದೆ ಇಷ್ಟ್ ದಿನ."

ಆಮೇಲೆ ಕೇಳಿದಳು: "ಈ ಬದ್ಲಿ ಅನ್ನೋದು ಮುಂಚೇನೇ ಮಾತಾಗಿರ್ತದಾ? ಇಲ್ಲಾ ನಾನಂದ್‌ ಮ್ಯಾಲೆ ಓದ್ರಾ?"

ಅಷ್ಟರಲ್ಲಿ ಸೆಲ್ವಂ ಅವರ ಫೋನು ಬಂತು. ನಾನು ಎದ್ದು ಬೀದಿಗೆ ಹೋದೆ.

"ಹಿಂದೆ ಬೇಡ ಅಂದೆ ಅಲ್ಲ ಮ್ಮಾ" ಎಂದರು. ಬೈಯಲಿಲ್ಲ. "ಅಣ್ಣಿಗೆ ಗೊತ್ತಾಯ್ತಾ?" ಮಾವನನ್ನು ಅಣ್ಣ ಎನ್ನುತ್ತಿದ್ದರಂತೆ, ಹಾಗಾಗಿ ಅತ್ತೆ ಅವರಿಗೆ ಅಣ್ಣಿ.

ಗೊತ್ತಾಯಿತು ಎಂದೆ. ಅತ್ತೆ ಕೇಳಿದ ಪ್ರಶ್ನೆಯನ್ನೂ ಹೇಳಿದೆ.

ಅವರು ಕೆಮ್ಮಿ ಉಸಿರು ಎಳೆದುಕೊಂಡರು. "ನನ್ನ ಬದಲಿ ಬೇರೆ ಒಬ್ಬ ಇದ್ದ. ಅವತ್ತು ಬೆಳಿಗ್ಗೆ ಅವನಿಗೆ ಜ್ವರ. ನಾನು ಟೀ ಅಂಗಡಿ ಮುಂದೆ ತಲೆ ಮೇಲೆ ಕೈ ಇಟ್ಕೊಂಡು ಕೂತಿದ್ದೆ. ಮುನಿ ಅಣ್ಣ ಬಂದ್ರು, ಮುಖ ಸರಿ ಇಲ್ಲ. ಮನೇಲಿ ಇರಕಾಗಲ್ಲ, ನಾನ್ ಇಳೀತೀನಿ, ನೀ ಓಗಿ ಆಡು ಅಂದ್ರು. ಅರ್ಧ ಮ್ಯಾಚಲ್ಲಿ ಸೈರನ್. ಬೂಟ್ಸ್ ಹಾಕ್ಕೊಂಡೇ ಓಡಿದ್ದು ನಾವು. ಅದಕ್ಕೆ ಸ್ಕೋರ್ ಇಲ್ಲ." ಆಮೇಲೆ, "ಅಣ್ಣಿಗೆ ಹೇಳ್ಬೇಡ" ಎಂದರು.

ನಾನು ಒಳಗೆ ಬಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಓದಲು ಬಾರದಿದ್ದರೂ ಈಗ ಎಲ್ಲ ಕಾಣುತ್ತಿತ್ತು. ಐದು ಸಾಲುಗಳು ಶಾಯಿಯಲ್ಲಿದ್ದವು. ಆರನೆಯದರಲ್ಲಿ ಶಾಯಿಯ ಒಂದು ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಬರೆದಿತ್ತು. ಗ್ರೂಪಿಗೆ ಹಾಕುವಾಗ ಶಾಯಿ ಪೆನ್ಸಿಲು ಎರಡನ್ನೂ ಒಂದೇ ಕಪ್ಪು ಮಾಡಿದ್ದವಳು ನಾನೇ.

ಮರುದಿನ ಅತ್ತೆ ತಾನೇ ಹೊರಟಳು. "ಆ ಮನುಷ್ಯನ ತಾವ ಕರ್ಕೊಂಡ್‌ ನಡಿ" ಎಂದಳು. ಮಾವ ಸತ್ತ ಮೇಲೆ ಅವಳು ಕೆಜಿಎಫ್ ರೈಲು ಹತ್ತಿದ್ದು ಅದೇ ಮೊದಲು. ಹಾಳೆ ನನ್ನ ಫೈಲಿನಲ್ಲಿತ್ತು. ರೈಲಿಳಿದು ಆಟೋದಲ್ಲಿ ಹೋಗುವಾಗ ಗಾಳಿ ಎಷ್ಟು ಜೋರಾಗಿತ್ತೆಂದರೆ ದಿಬ್ಬಗಳ ತುದಿ ಹೊಗೆಯಾಡುವಂತೆ ಕಾಣುತ್ತಿತ್ತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

ಸೆಲ್ವಂ ಬಾಗಿಲಲ್ಲೇ ನಿಂತಿದ್ದರು. ಕ್ಷೌರ ಮಾಡಿಸಿಕೊಂಡು ಬಿಳಿ ಅಂಗಿ ಹಾಕಿದ್ದರು. "ವಾಂಗ ಅಣ್ಣಿ, ಬನ್ನಿ" ಎಂದು ಒಂದೇ ಒಂದು ಕುರ್ಚಿಯನ್ನು ಒರೆಸಿದರು. ಅತ್ತೆ ಕೂರಲಿಲ್ಲ.

"ನೀನು ನಮ್ಮನೇಲಿ ಉಂಡಿದ್ದೀಯ" ಎಂದಳು. "ಮೊಳಕೆ ಉರುಳಿಕಾಳು ಸಾರು. ನೆನಪೈತಾ?"

"ಐತೆ ಅಣ್ಣಿ."

"ಇವ್ರು ಓದಾಗ ತಿಥಿಗೂ ಬಂದಿದ್ದೆ. ಅವತ್ತೂ ಬಾಯಿ ಬುಡ್ಲಿಲ್ಲ."

"ಬಿಡ್ಲಿಲ್ಲ." ಅವರು ಗೋಡೆ ಹಿಡಿದುಕೊಂಡರು. "ಎಲ್ಲಾರೂ ಸೇರಿ ಹೇಳ್ಬೇಡ ಅಂದ್ರು ಅಂತ ನಾನು ಹೇಳ್ಬಹುದು. ಹಂಗಲ್ಲ. ನನಗೇ ಧೈರ್ಯ ಇಲ್ಲ."

ಅತ್ತೆ ಬಂದದ್ದು ಅದಕ್ಕಲ್ಲ.

"ಒಂದ್ ಕೇಳ್ತೀನಿ, ದಿಟ ಏಳು. ಬದ್ಲಿ ಇಳಿಯೋದು ಯಾವಾಗ ಮಾತಾಯ್ತು?"

ಸೆಲ್ವಂ ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಬುಧವಾರಾನೇ ಅಣ್ಣಿ. ನಾನೇ ಬಂದು ಕೇಳ್ಕೊಂಡೆ. ಅಣ್ಣ ಆಯ್ತು ಅಂದ್ರು. ನಿಮಗೆ ಹೇಳಿದ್ರೆ ಬೇಡ ಅಂತೀರಿ ಅಂತ ಹೇಳಿಲ್ಲ."

"ಬುಧವಾರ."

"ಬುಧವಾರ. ನೀವು ಏನೇ ಅಂದಿದ್ರೂ ಅವರು ಇಳೀತಿದ್ರು. ಕಳಿಸಿದ್ದು ನಾನು."

ಅತ್ತೆ ನನ್ನ ಕಡೆ ತಿರುಗಿದಳು. "ಆ ಪೇಪರ್‌ನಾಗೂ ಅಂಗೇ ಐತಾ?"

ಅಲ್ಲಿಯವರೆಗೆ ನಾನು ಯಾವ ಕಾಗದದ ಬಗ್ಗೆಯೂ ಸುಳ್ಳು ಹೇಳಿರಲಿಲ್ಲ. "ಹೂಂ ಅತ್ತೆ" ಎಂದೆ. "ಅಂಗೇ ಐತೆ."

ಅವಳು ಕೈ ಚಾಚಿದಳು. ಹಾಳೆಯನ್ನು ಫೈಲಿನಿಂದ ತೆಗೆದು ಕೊಟ್ಟೆ. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ, ತಲೆಕೆಳಗಾಗಿ ಹಿಡಿದಿದ್ದಳು. ಸೆಲ್ವಂ ನಿಧಾನವಾಗಿ ಅದನ್ನು ತಿರುಗಿಸಿ, ಆರನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಆಮೇಲೆ ನಾನು ನಿರೀಕ್ಷಿಸದ ಒಂದು ಮಾತು ಕೇಳಿದರು.

"ಅಣ್ಣಿ, ನಾನು ಜಾಸ್ತಿ ದಿನ ಇಲ್ಲ. ಇದಕ್ಕೆ ಒಂದು ಟಿಕ್ ಹಾಕ್ಲಾ?"

"ತೀರಿಸಿದ್ಯಾ?"

"ಇಲ್ಲ."

"ಮತ್ತೆ? ಅಂಗೇ ಇರ್ಲಿ ಬುಡು" ಎಂದಳು. ಸಿಟ್ಟಿನಿಂದಲ್ಲ. ಹಾಳೆಯನ್ನು ತಾನೇ ಇಟ್ಟುಕೊಂಡಳು. ಅವರೂ ವಾಪಸ್ ಕೇಳಲಿಲ್ಲ. ಹೊರಡುವಾಗ ಬಾಗಿಲಿಗೆ ಬೆನ್ನು ಮಾಡಿ ನಿಂತು, "ಕೆಮ್ಮಿಗೆ ಔಸ್ದಿ ತಗೋತಾ ಇದ್ದೀಯಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಸೆಲ್ವಂ ಆ ವರ್ಷ ಕಾರ್ತಿಕ ಕಾಣಲಿಲ್ಲ. ಗ್ರೂಪಿನಲ್ಲಿ ಅವರು ಲೆಫ್ಟ್ ವಿಂಗ್‌ನಲ್ಲಿ ಆಡುತ್ತಿದ್ದ ಫೋಟೋ ಹಾಕಿದರು. ಬದಲಿ ಪಟ್ಟಿಯ ಮಾತನ್ನು ಯಾರೂ ಎತ್ತಲಿಲ್ಲ, ಆ ಪಂದ್ಯದ ಸ್ಕೋರನ್ನೂ ಯಾರೂ ಮತ್ತೆ ಕೇಳಲಿಲ್ಲ. ನನ್ನ ಪಟ್ಟಿಯಲ್ಲಿ ಆ ಖಾನೆ ಖಾಲಿ ಇದೆ.

ಆದರೆ ನನಗೆ ಆ ಆಷಾಢ ಮುಗಿಯುವುದು ಅವತ್ತಿನ ವಾಪಸ್ ರೈಲಿನಲ್ಲಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಅತ್ತೆಯ ಮಡಿಲಿಗೆ ಬೀಳುತ್ತಿತ್ತು. ಅವಳು ಹಾಳೆಯನ್ನು ಬಿಡಿಸಿ, ಸಾಲುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಹೋದಳು. ಅಕ್ಕಿ ಆರಿಸುವಾಗ ಹೀಗೇ ಮಾಡುತ್ತಿದ್ದಳು, ಕಲ್ಲು ಎಲ್ಲಿದ್ದರೂ ಸಿಗುತ್ತಿತ್ತು.

"ಮಿಕ್ಕಿದ್ದೆಲ್ಲ ಮಸೀಲಿ ಬರ್ದವ್ರೆ" ಎಂದಳು. "ಇದೊಂದು ಪೆನ್ಸಿಲು."

ರೈಲು ದಿಬ್ಬಗಳನ್ನು ದಾಟುತ್ತಿತ್ತು. ಕಿಟಕಿಯ ಕಂಬಿಯ ಮೇಲೆಲ್ಲ ಬಿಳಿ ಧೂಳು.

"ಮಸಿ ಮುಗಿದಿರ್ಬೇಕು ಅತ್ತೆ" ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. "ಮುಗ್ದಿರ್ಬೇಕು" ಎಂದು ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟಾಗ ನಾನು ಚಪ್ಪಲಿ ಹಾಕಿಕೊಳ್ಳುವುದನ್ನು ನಿಧಾನ ಮಾಡಿದೆ. "ಓಗಿ ಬತ್ತೀನಿ ಅತ್ತೆ" ಎಂದೆ. ಒಳಗೆ ಒಗ್ಗರಣೆಯ ಸದ್ದು. ಅವಳು ಅಲ್ಲಿಂದಲೇ 'ಹೂಂ, ಓಗು' ಎಂದುಬಿಡಲಿ ಎಂದು ಕಾಯುತ್ತಿದ್ದೆ.

ಒಲೆ ಆರಿಸಿದ ಸದ್ದಾಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲವರೆಗೆ ಬಂದಳು.

"ಬಿರ್ನೆ ಬಾ" ಎಂದಳು.